ಊರುಗೋಲಿನ ಕವಣೆ

ಬೀದಿಯವರೆಲ್ಲ ಅವಳನ್ನು ಗುರಿಯಕ್ಕ ಎಂದೇ ಕರೆಯುತ್ತಿದ್ದರು. ಗಂಡನಿಗೆ ಅಳಿಲು ಎಂದು ಹೆಸರು ಬಿದ್ದಿತ್ತು. ದೊಡ್ಡ ಮರಗಳನ್ನು ಹತ್ತಿ ಒಣಕೊಂಬೆ ಕಡಿಯುವುದು ಅವನ ಕೆಲಸ. ಅವನು ಹತ್ತುವ ಹಗ್ಗವನ್ನು ನೆಲದ ಮೇಲೆ ನಿಂತೇ ಮರಕ್ಕೆ ಏರಿಸುವುದು ಅವಳದು. ಮೇಲೆ ಹತ್ತಿದವನಿಗೇ ಹೊಗಳಿಕೆಯೆಲ್ಲ. ಇರಲಿ ಬಿಡಿ, ಲೋಕವೇ ಹಾಗೆ.

ಮೊದಮೊದಲು ಅವನು ದಾರ ಕಟ್ಟಿದ ಭಾರದ ಚೀಲವನ್ನು ಕೈಯಿಂದಲೇ ಕೊಂಬೆಯಾಚೆಗೆ ಎಸೆಯುತ್ತಿದ್ದ. ಒಂದು ದಿನ ಭುಜ ಕೈಕೊಟ್ಟಿತು. ಆಮೇಲೆ ಪ್ಲಾಸ್ಟಿಕ್ ಪೈಪಿಗೆ ಸೈಕಲ್ ಪಂಪು ಜೋಡಿಸಿ ಫಿರಂಗಿಯೊಂದನ್ನು ಮಾಡಿದ. ಅದು ಚೀಲವನ್ನು ಮರದಾಚೆಗೆ ಹಾರಿಸಿ ಪಕ್ಕದ ಮನೆಯವರ ನೀರಿನ ಟ್ಯಾಂಕಿಗೆ ತೂತು ಮಾಡಿತು. ಫಿರಂಗಿ ಅಟ್ಟ ಸೇರಿತು. ಕೊನೆಗೆ ದಾರಿ ತೋರಿಸಿದ್ದು ಅತ್ತೆಯ ಮುರಿದ ಕಾಲು. ಕಾಲು ಕೂಡಿಕೊಂಡು ಊರುಗೋಲು ಮೂಲೆಗೆ ಬಿದ್ದಾಗ, ಸೊಸೆ ಅದರ ಕಂಕುಳ ಪಟ್ಟಿಯನ್ನೂ ಹಿಡಿಯನ್ನೂ ಬಿಚ್ಚಿದಳು. ಎರಡು ಕವಲಿನ ಕೋಲು ಉಳಿಯಿತು. ಕವಲುಗಳಿಗೆ ಸೈಕಲ್ ಟ್ಯೂಬಿನ ಪಟ್ಟಿ, ಪಟ್ಟಿಗಳ ನಡುವೆ ಹಳೆ ಬೂಟಿನ ನಾಲಿಗೆ. ಎದೆಯೆತ್ತರದ ಕವಣೆ ಸಿದ್ಧ. "ನನ್ನ ಕಾಲು ಮುರಿದಿದ್ದಕ್ಕೆ ನೀವು ಉಣ್ತಿದೀರಿ, ನೆನಪಿರ್ಲಿ," ಎಂದು ಅತ್ತೆ ಈಗಲೂ ಹಂಗಿಸುತ್ತಾರೆ.

ಹಾರಿಸುವ ಚೀಲ ಅಂಗೈಯಗಲದ್ದು, ಒಳಗೆ ಬೇರಿಂಗಿನ ಗುಂಡುಗಳು. ಸಿಕ್ಕಾಗದಂತೆ ಬಕೆಟ್ಟಿನಲ್ಲಿ ಸುತ್ತಿಟ್ಟ ಸಣ್ಣ ದಾರವನ್ನು ಎಳೆದುಕೊಂಡು ಅದು ಕೊಂಬೆ ದಾಟಿ ಬೀಳುತ್ತಿತ್ತು. ಆ ದಾರಕ್ಕೆ ದಪ್ಪ ಹಗ್ಗ ಕಟ್ಟಿ ಎಳೆದರಾಯಿತು. ಆಮೇಲೆ ಗಂಡಹೆಂಡತಿ ಇಬ್ಬರೂ ಒಟ್ಟಿಗೆ ಹಗ್ಗಕ್ಕೆ ಜೋತುಬೀಳುತ್ತಿದ್ದರು. ಇಬ್ಬರನ್ನು ತಡೆದ ಕೊಂಬೆ ಒಬ್ಬನನ್ನು ತಡೆಯುತ್ತದೆ ಎಂಬ ಲೆಕ್ಕ. ಮನೆಯಲ್ಲಿ ಮುಖ ಊದಿಸಿಕೊಂಡು ಹೊರಟವರು ಅಲ್ಲಿ, ಪಾದ ನೆಲ ಬಿಟ್ಟಾಗ, ರಾಜಿಯಾದದ್ದೂ ಉಂಟು. ಆದರೆ ಒಳಗೇ ಕೊಳೆತ ಕೊಂಬೆ ಆಗ ಸುಮ್ಮನಿದ್ದು ಆಮೇಲೆ ಮುರಿಯಬಹುದು. ಅದನ್ನು ಅವಳ ಕಣ್ಣೇ ಹಿಡಿಯಬೇಕು.

ಈಚೆಗೆ ಆ ಕಣ್ಣಿಗೆ ಮಂಜು ಕವಿಯುತ್ತಿತ್ತು. ಎಲೆಗಳಿಗೆ ಅಂಚೇ ಇರಲಿಲ್ಲ. ಮರವೆಂದರೆ ಯಾರೂ ಹಿಡಿದಿರದ, ತನ್ನಷ್ಟಕ್ಕೇ ತೇಲುವ ಹಸಿರು ಬೆಳಕು. ಹಕ್ಕಿ ಹಾರಿದರೆ ಆ ಬೆಳಕಿನ ಒಂದು ಚೂರು ಕಳಚಿಕೊಂಡು ಆಕಾಶದಲ್ಲಿ ಕರಗುತ್ತಿತ್ತು. ಎಷ್ಟೋ ಸಲ ರಬ್ಬರು ಎಳೆದವಳು ಬಿಡುವುದನ್ನೇ ಮರೆತು ನೋಡುತ್ತ ನಿಂತುಬಿಡುತ್ತಿದ್ದಳು. ಇಷ್ಟು ಚೆಂದದ ಮರಗಳನ್ನು ಅವಳು ಹುಟ್ಟಿದಾಗಿನಿಂದ ನೋಡಿರಲಿಲ್ಲ. ಅದಕ್ಕೇ ಅವಳಿಗೆ ನಾಚಿಕೆ. ಅವನ ಜೀವ ನೇತಾಡುವ ಜಾಗ ಕಾಣದಿರುವಾಗ ಚೆಂದ ನೋಡುತ್ತ ನಿಂತಿದ್ದೇನಲ್ಲ ಎಂದು ತನ್ನನ್ನೇ ಬೈದುಕೊಳ್ಳುತ್ತಿದ್ದಳು. ಹೇಳಿದರೆ ಗುರಿಯಕ್ಕ ಎನ್ನುವವರು ಯಾರು? ನಾಳೆ ಹೇಳಿದರಾಯಿತು ಎಂದು ಬಾಯಿಗೆ ಬೀಗ ಹಾಕಿಕೊಂಡಿದ್ದಳು.

ರಜೆಯ ದಿನ, ಶಾಲೆಯ ಅಂಗಳ. ಗೇಟಿನ ಹತ್ತಿರ ಕಾವಲುಗಾರ ಕುರ್ಚಿ ಹಾಕಿಕೊಂಡು ನೋಡುತ್ತಿದ್ದ. ಹಸಿರಿನ ನಡುವೆ ಒಂದಿಷ್ಟು ಕಪ್ಪು ಕಂಡಿತು. ಅದೇ ಕೊಂಬೆಯಿರಬೇಕೆಂದು ಹೊಡೆದಳು. ಚೀಲ ಆಚೆ ಬಿತ್ತು.

"ಭಲೇ! ಒಂದೇ ಏಟಿಗೆ!" ಎಂದ ಗಂಡ.

ಹಗ್ಗ ಏರಿತು. ಇಬ್ಬರೂ ಜೋತುಬಿದ್ದರು. ಕೊಂಬೆ ಲಟಕ್ಕೆನ್ನಲಿಲ್ಲ. ಇಬ್ಬರೂ ಮೆಲ್ಲಗೆ ತೂಗಿದರು, ನೆರಳೂ ತೂಗಿತು. ಹೀಗೇ ಇದ್ದುಬಿಟ್ಟರೆ ಅವನು ಹತ್ತುವುದೇ ಬೇಡ ಎನಿಸಿತು ಅವಳಿಗೆ.

"ಸರಿ ಇಳಿ, ನಾನು ಹೊರಟೆ."

ಅವಳು ಹಗ್ಗ ಬಿಡಲಿಲ್ಲ. "ರೀ, ನಂಗೆ ಕೊಂಬೆ ಕಾಣಿಸ್ಲಿಲ್ಲ."

"ಏನು?"

"ಯಾವ್ದಕ್ಕೆ ಹೊಡೆದೆ ಅಂತ ನಂಗೇ ಗೊತ್ತಿಲ್ಲ. ಸುಮಾರು ದಿನದಿಂದ ಎಲ್ಲಾ ಮಂಜು ಮಂಜು."

ಅವನು ನೆಲಕ್ಕಿಳಿದ. ಕೂಗಾಡುತ್ತಾನೆಂದುಕೊಂಡಳು. ಅವನು ತಲೆಯೆತ್ತಿ ಮರವನ್ನೇ ನೋಡಿದ. ಕವಣೆ ಅವಳ ಕೈಗೆ ಬಂದಾಗಿನಿಂದ ಈ ಮಹಾರಾಯ ಹಗ್ಗ ನೋಡಿದ್ದನೇ ಹೊರತು ಹಗ್ಗ ಕೂತ ಕೊಂಬೆಯನ್ನು ನೋಡಿದವನಲ್ಲ.

"ಆ ಕೊಂಬೆ ಬುಡದಲ್ಲಿ ಅಣಬೆ ಇದೆ ಕಣೇ," ಎಂದ, ಸಣ್ಣ ದನಿಯಲ್ಲಿ.

ಅಣಬೆ ಎದ್ದಿದೆಯೆಂದರೆ ಕೊಂಬೆ ಒಳಗೇ ಕೊಳೆತಿದೆಯೆಂದು ಇಬ್ಬರಿಗೂ ಗೊತ್ತು. ಹಗ್ಗ ಇಳಿಸಿದರು. ಅವನು ಅವಳ ಹಿಂದೆ ನಿಂತು, ಕೆನ್ನೆಗೆ ಕೆನ್ನೆ ಹಚ್ಚಿ, ಮರವನ್ನು ಹೇಳತೊಡಗಿದ.

"ಎಡಗಡೆ ಒಂದು ದಪ್ಪದ್ದಿದೆ."

"ತುದೀಲಿ ಎಲೆ ಇದ್ಯಾ?"

"ಇಲ್ಲ."

"ಬೇಡ."

"ಅದರ ಮೇಲಿಂದು?"

"ತೊಗಟೆ ಎದ್ದಿದ್ಯಾ ನೋಡಿ."

"ಸ್ವಲ್ಪ ಎದ್ದಿದೆ."

"ಬೇಡ."

ಹೀಗೆ ಬೇಡ ಬೇಡವೆನ್ನುತ್ತ ಕೊನೆಗೊಂದಕ್ಕೆ ಹ್ಞೂಂ ಎಂದಳು. ಅವನು ಅವಳ ಭುಜ ಹಿಡಿದು ತಿರುಗಿಸಿದ. ಅವಳು ಎಳೆದು ಬಿಟ್ಟಳು. ಹಗ್ಗ ಏರಿತು, ಇಬ್ಬರನ್ನೂ ತಡೆಯಿತು. ಅವನು ಸೊಂಟಕ್ಕೆ ಬೆಲ್ಟು ಬಿಗಿದು ಹಗ್ಗಕ್ಕೆ ಕೈಹಾಕಿದ.

ಹಗ್ಗ ನಡುಗುತ್ತಿತ್ತು. ಅದನ್ನು ತಿಳಿಯಲು ಅವಳಿಗೆ ಕಣ್ಣು ಬೇಕಿರಲಿಲ್ಲ. ಹಗ್ಗದ ಇನ್ನೊಂದು ತುದಿ ಅವಳ ಕೈಯಲ್ಲೇ ಇತ್ತು.

"ನಾನು ನೋಡಿ ಆರಿಸಿದ್ದಲ್ವಾ. ನಂಗೇನಾದ್ರೂ ಕಾಣದೆ ಹೋಗಿದ್ರೆ?" ಎಂದ. ಹಗ್ಗ ಬಿಟ್ಟು ಅವಳ ಕಡೆ ತಿರುಗಿ ಕೇಳಿದ, "ಪ್ರತಿ ಸಲ ನಿಂಗೆ ಹೀಗೇ ಆಗ್ತಿತ್ತಾ?"

"ಪ್ರತಿ ಸಲ."

ಅವನು ಬೆಲ್ಟು ಬಿಚ್ಚಿದ. "ನಡಿ, ಮೊದ್ಲು ಕಣ್ಣಿನ ಡಾಕ್ಟರ ಹತ್ರ ಹೋಗೋಣ." ಅವಳ ಕೈ ಹಿಡಿದುಕೊಂಡು ಗೇಟಿನ ಕಡೆ ಹೊರಟ.

"ಯಾಕಣ್ಣ, ಹತ್ತಲ್ವಾ?" ಎಂದು ಕಾವಲುಗಾರ ಕುರ್ಚಿಯಿಂದಲೇ ಕೂಗಿದ.

"ಇವತ್ತಿಲ್ಲಪ್ಪಾ," ಎಂದು ಅಳಿಲೂ ಕೂಗಿದ, "ಭಯ ಆಗ್ತಿದೆ."