ಭಾರತಮ್ಮ ತೇಯ್ದ ಜಾಕಾಯಿ

ವಿಗ್ರಹ ಕೆತ್ತೋರ ಊರು ಶಿವಾರಪಟ್ಟಣದಲ್ಲಿ ಉಳಿ ಸುತ್ತಿಗೆ ಸದ್ದಿಲ್ಲದ ಜಾಗ ಬೇಕು ಅಂದ್ರೆ ಊರು ಬಿಟ್ಟೇ ಹೋಗ್ಬೇಕು. ಈಗಂತೂ ಕಲ್ಲು ಕೊಯ್ಯೋ ಮಿಷಿನ್‌ಗಳು ಬಂದು ಬೀದಿ ತುಂಬ ಬಿಳೀ ಧೂಳು. ಒಣಗ ಹಾಕಿದ ಸೀರೆ ಮೇಲೂ ಅದೇ, ಹಾಲಿನ ಕೆನೆ ಮೇಲೂ ಅದೇ. ಆ ಧೂಳಿನ ಜೊತೆ ಜಗಳ ಆಡ್ಕೊಂಡೇ ಸಂಸಾರ ಮಾಡಿದ ಹೆಂಗಸು ಭಾರತಮ್ಮ.

ತವರು ಆವನಿ ಕಡೆ. ಮನೆಮಾತು ಅರ್ಧ ತೆಲುಗು, ಸಿಟ್ಟು ಬಂದ್ರೆ ಪೂರ್ತಿ ತೆಲುಗು. ಕೈರುಚಿ ಮಾತ್ರ ಬೀದಿಗೆಲ್ಲ ಗೊತ್ತು. ಅವಳ ಒಬ್ಬಟ್ಟಿನ ಹೂರಣದಲ್ಲಿ ಏನೋ ಒಂದು ಘಮ ಇರ್ತದೆ ಅಂತ ನೆರೆಯವರು ಮೂಗರಳಿಸಿ ಕೇಳೋರು. ಅದು ಜಾಕಾಯಿ. ಸಾಣೆಕಲ್ಲಿನ ಮೇಲೆ ಹಾಗೇ ಒಂದು ಸಲ ಎಳೆದು, ಕಲ್ಲಿಗೆ ಅಂಟಿದ್ದನ್ನ ಬೆರಳಲ್ಲಿ ಸವರಿ ಬೆಲ್ಲಕ್ಕೆ ಹಚ್ಚೋಳು. "ಅಷ್ಟೇನಾ?" ಅಂದ್ರೆ, "ಅಷ್ಟೇ ಕಣಮ್ಮಾ, ಇನ್ನೂ ಹಾಕಿದ್ರೆ ಒಬ್ಬಟ್ಟು ಹೋಗಿ ಕಷಾಯ ಆಗ್ತದೆ" ಅನ್ನೋಳು. ಇಷ್ಟು ತಿಳಿದೋಳು ಆಮೇಲೆ ಮಾಡಿದ್ದೇನು ಅಂತ ನೆನೆಸ್ಕೊಂಡ್ರೆ ನನಗೆ ಈಗಲೂ ಹೊಟ್ಟೆ ಉರೀತದೆ.

ಅವಳ ಗಂಡ ಕೋದಂಡರಾಮಪ್ಪ. ವಿಗ್ರಹದ ಮೈ ಯಾರು ಬೇಕಾದ್ರೂ ಕೆತ್ತಲಿ, ಕಣ್ಣು ಮಾತ್ರ ಅವನೇ ಬಿಡಿಸ್ಬೇಕು ಅನ್ನೋದು ಅವನು ಕೆಲಸ ಮಾಡೋ ಶೆಡ್ಡಿನ ಪದ್ಧತಿ. ಎಲ್ಲಾ ಮುಗಿದು, ಪಾಲಿಶ್ ಆಗಿ, ಮಾಡಿಸಿದೋರು ಬಂದು ಎದುರಿಗೆ ಕೂತ ಮೇಲೆ, ಕೊನೇಲಿ ರೆಪ್ಪೆಯ ಗೆರೆ, ಆಮೇಲೆ ಕಣ್ಣುಗುಡ್ಡೆ. ಅಲ್ಲಿ ತಿದ್ದುಪಡಿ ಅನ್ನೋ ಮಾತೇ ಇಲ್ಲ. ಮುಖ ಸಿಡಿದ್ರೆ ಅದು ಭಿನ್ನ, ಪೂಜೆಗೆ ಬರಲ್ಲ, ತಿಂಗಳುಗಟ್ಟಲೆ ಮಾಡಿದ ಕೆಲಸ ಮೂಲೆಗೆ. ಸಾಮಾನ್ಯವಾಗಿ ಬಾಯಿಬಿಡದ ಮನುಷ್ಯ ಅವನು. ಆದರೆ ಕಣ್ಣು ಬಿಡಿಸಿ ಬಂದ ದಿನ ಮಾತ್ರ ಹೆಂಡತಿ ಹತ್ರ ಬಾಯ್ತುಂಬ ಮಾತಾಡೋನು. ಅವನಿಗೆ ಇದ್ದದ್ದೇ ಅದೊಂದು ಹೆಮ್ಮೆ.

ಧೂಳು ಅವನ ಎದೆಗೂ ಇಳಿದಿತ್ತು. ಮಲಗಿದ್ರೆ ಕೆಮ್ಮು, ಎದ್ದು ಕೂತ್ರೆ ಕೆಮ್ಮು, ನಿದ್ದೆ ಅನ್ನೋದು ಮರೆತೇ ಹೋಗಿತ್ತು. ಮಾಲೂರಿನಲ್ಲಿ ತೋರಿಸಿದ್ರೆ, ಧೂಳಿನ ಕೆಲಸ ಬಿಡಿ ಅಂದ್ರಂತೆ. ಬಿಟ್ಟು ಏನ್ ಮಾಡೋದು, ತಲೆ ಮೇಲೆ ಕೈ ಹೊತ್ಕೊಂಡು ಕೂರೋದಾ?

ಅಷ್ಟರಲ್ಲಿ ಶ್ರೀನಿವಾಸಪುರದ ಕಡೆ ಹಳ್ಳಿಯೊಂದಕ್ಕೆ ಗಂಗಮ್ಮನ ವಿಗ್ರಹ ಸಿದ್ಧ ಆಯ್ತು. ಆ ಊರಿನ ಹಿರಿಯ ವೆಂಕಟರಮಣಪ್ಪ, "ಕಣ್ಣು ಕೋದಂಡರಾಮಪ್ಪನೋರ ಕೈಯಿಂದಲೇ ಆಗ್ಬೇಕು" ಅಂತ ಹೇಳಿ ಕಳಿಸಿದ್ದ. ಕಣ್ಣು ಬಿಡಿಸೋ ಹಿಂದಿನ ದಿನ ಗಂಡನ ನಿದ್ದೆಗೆಟ್ಟ ಕೆಂಪು ಕಣ್ಣು ನೋಡಿ ಭಾರತಮ್ಮನ ಜೀವ ಬಾಯಿಗೆ ಬಂತು. ಒಂದು ಸಲ ಕಣ್ತುಂಬ ನಿದ್ದೆ ಮಾಡಿಬಿಟ್ರೆ ನಾಳೆ ಪಾರಾಗ್ತೀವಿ ಅಂದ್ಕೊಂಡ್ಳು.

ಫೋನಿನ ವಿಡಿಯೋದಲ್ಲಿ ಒಬ್ಬಳು ಜಾಕಾಯಿ ಹಿಡ್ಕೊಂಡು ಪಾಠ ಮಾಡ್ತಿದ್ಳು. ಇದರಲ್ಲಿ ಮ್ಯಾಂಗನೀಸ್ ಇದೆ, ಮೆಗ್ನೀಸಿಯಂ ಇದೆ, ತಾಮ್ರ ಇದೆ, ನಾರು ಇದೆ, ನರಗಳಿಗೆ ಬಲ, ನಿದ್ದೆಗೆ ಮದ್ದು, ಹಾಲಿಗೆ ಒಂದೇ ಒಂದು ಚಿಟಿಕೆ ಹಾಕಿ ಅಂತ. ನಮ್ಮ ಭಾರತಮ್ಮನ ಲೆಕ್ಕಾಚಾರ ಕೇಳಿ: ಚಿಟಿಕೆಯಲ್ಲೇ ಇಷ್ಟೆಲ್ಲ ಇದ್ರೆ, ಇಡೀ ಕಾಯಲ್ಲಿ ಎಷ್ಟಿರಬೇಡ! ಅಲ್ಲ ತಾಯಿ, ಚಿಟಿಕೆ ಮಸಾಲೆಯಲ್ಲಿ ಹೊಟ್ಟೆಗೆ ಸೇರೋ ಸತ್ವ ಎಷ್ಟು ಅಂತೀಯ? ಅದನ್ನ ಹಾಕೋದು ಘಮಕ್ಕೆ, ತಿಂದದ್ದು ಸರಾಗ ಅರಗಲಿ ಅನ್ನೋದಕ್ಕೆ. ಬಲ ಬೇಕಾದ್ರೆ ರಾಗಿಮುದ್ದೆ ಇಲ್ವಾ, ಅವರೆಕಾಳಿಲ್ವಾ? ಹಾಗಂತ ಆಗ ಹೇಳೋರು ಯಾರೂ ಪಕ್ಕದಲ್ಲಿ ಇರ್ಲಿಲ್ಲ.

ದೀಪ ಹಚ್ಚೋ ಹೊತ್ತಿಗೆ ಅರ್ಧ ಕಾಯಿ ತೇಯ್ದು ಬಿಸಿ ಹಾಲಲ್ಲಿ ಕಲಸಿ ಕೊಟ್ಳು. ಅವನು ಮುಖ ಕಿವುಚಿ ಕುಡಿದ. ಊಟ ಮುಗೀತು, ನಿದ್ದೆ ಹತ್ರ ಸುಳೀಲಿಲ್ಲ.

"ಏಮೇ, ಏನೂ ಆಗ್ಲಿಲ್ಲವಲ್ಲೇ?" ಅಂದ.

"ತಡೀರಿ, ಸಾಲ್ದು ಅನ್ಸುತ್ತೆ" ಅಂತ ಉಳಿದರ್ಧಾನೂ ತೇಯ್ದಳು. ಜಾಕಾಯಿ ನಿಧಾನದ್ದು, ಏರೋದಕ್ಕೂ ಹೊತ್ತು ಬೇಕು, ಇಳಿಯೋದಕ್ಕೂ ಹೊತ್ತು ಬೇಕು ಅನ್ನೋದು ಪಾಪ ಅವಳಿಗೆ ಗೊತ್ತಿರ್ಲಿಲ್ಲ.

ಬೆಳಗ್ಗೆ ಅವನು ಎದ್ದಾಗ ನಾಲಿಗೆ ಒಣಗಿ ಅಂಗುಳಿಗೆ ಅಂಟಿತ್ತು. ಎದೆ ಡವಡವ. ಗೋಡೆ ಹಿಡ್ಕೊಂಡು ಬಚ್ಚಲಿಗೆ ಹೋದ. "ಇವತ್ತು ಬೇಡ ಅಂತ ಹೇಳಿ ಕಳ್ಸೋಣ್ವಾ?" ಅಂದ್ಳು ಭಾರತಮ್ಮ. "ಜನ ಬಂದು ಕೂತವ್ರೆ ಕಣೇ, ಕಲ್ಲಿನ ಮುಂದೆ ಕೂತ್ರೆ ಎಲ್ಲಾ ಸರಿಹೋಗ್ತದೆ" ಅಂತ ಹೊರಟೇಬಿಟ್ಟ.

ಶೆಡ್ಡಿನ ತುಂಬ ಹೂವು, ಕರ್ಪೂರ, ಹಳ್ಳಿ ಜನ. ಭಾರತಮ್ಮ ಬಾಗಿಲಲ್ಲಿ ನಿಂತಿದ್ಳು. ಬಲಗಣ್ಣು ಆಯ್ತು. ಅದು ಹೇಗಾಯ್ತೋ ಆ ಗಂಗಮ್ಮನಿಗೇ ಗೊತ್ತು. ಎಡಗಣ್ಣಿನ ರೆಪ್ಪೆಗೆ ಉಳಿ ಇಟ್ಟಾಗ ಮಣಿಕಟ್ಟು ಅದುರಿತು. ಚಟ್ ಅಂತ ಸಣ್ಣ ಸದ್ದು. ರೆಪ್ಪೆಯಿಂದ ಕೆನ್ನೆವರೆಗೂ ಚಕ್ಕೆ ಎದ್ದುಹೋಯ್ತು.

ಯಾರೂ ಕೂಗಾಡಲಿಲ್ಲ. ಕೂಗಾಡಿದ್ರೆ ಎಷ್ಟೋ ವಾಸಿಯಾಗಿತ್ತು. ವೆಂಕಟರಮಣಪ್ಪ ತಂದಿದ್ದ ಹಾರವನ್ನ ಮೆಲ್ಲಗೆ ಚೀಲದೊಳಗೆ ವಾಪಸ್ ಹಾಕಿದ. "ವಯಸ್ಸಾಯ್ತು, ಬಿಡಿ" ಅಂತ ಯಾರೋ ಅಂದ್ರು. ಆ ಮಾತು ಹೊತ್ತು ಮುಳುಗೋದ್ರೊಳಗೆ ಊರೆಲ್ಲ ಸುತ್ತಿತ್ತು.

ಎದೆ ಡವಗುಟ್ಟೋದು ನಿಲ್ಲದೆ ಅವನನ್ನ ಆಸ್ಪತ್ರೆಗೆ ಕರ್ಕೊಂಡು ಹೋದಾಗ ಡಾಕ್ಟರಮ್ಮ ವಿಷಯ ಕೇಳಿ ಹೌಹಾರಿದ್ಳು. "ಇಡೀ ಕಾಯಾ? ಅಡುಗೆಗೆ ಚಿಟಿಕೆ ಹಾಕ್ಕೊಳ್ಳಿ, ತೊಂದ್ರೆ ಇಲ್ಲ. ಇಷ್ಟು ಕುಡಿಸಿದ್ರೆ ವಿಷ ಅಮ್ಮಾ. ಕೈ ನಡುಗದೆ ಇನ್ನೇನಾಗುತ್ತೆ? ಒಂದೆರಡು ದಿನದಲ್ಲಿ ಪೂರ್ತಿ ಇಳಿಯುತ್ತೆ" ಅಂದ್ಳು.

ಭಾರತಮ್ಮನಿಗೆ ಒಂದು ಕಡೆ ನಾಚಿಕೆ, ಇನ್ನೊಂದು ಕಡೆ ಹೋದ ಜೀವ ಬಂದಂಗಾಯ್ತು. ಹಾಗಾದ್ರೆ ಕೈ ಹೋಗಿಲ್ಲ! ತಪ್ಪು ನಂದು! ಊರಿಗೆ ಬಂದೋಳೇ ಮನೆಮನೆಗೂ ಹೋಗಿ ಹೇಳಿದ್ಳು, ನಾನೇ ಪಾಪಿ, ನಾನೇ ಜಾಕಾಯಿ ಕುಡಿಸಿದ್ದು ಅಂತ. ಜನ ಏನಂದ್ರು ಗೊತ್ತಾ? "ಪಾಪ, ಗಂಡನ ಮಾನ ಉಳ್ಸೋಕೆ ತನ್ನ ಮೇಲೆ ಹಾಕ್ಕೊಳ್ತಾವ್ಳೆ." "ಒಬ್ಬಟ್ಟಿಗೆ ನಾವೂ ಹಾಕ್ತೀವಲ್ಲ, ನಮ್ಮ ಕೈ ಯಾವಾಗ ನಡುಗ್ತು?" ನಿಜ ಹೇಳಿದೋಳಿಗೆ ಒಳ್ಳೇ ಹೆಂಡ್ತಿ ಅನ್ನೋ ಬಿರುದು ಸಿಕ್ತು. ಅವಳಿಗೆ ಅಲ್ಲೇ ತಲೆ ಚಚ್ಚಿಕೊಳ್ಳೋ ಹಾಗಾಯ್ತು.

ಮುಂದಿನ ವಿಗ್ರಹದ ಕಣ್ಣು ಅವನ ಶಿಷ್ಯ ಕದಿರೇಶನ ಪಾಲಾಯ್ತು. ಕದಿರೇಶ ಮನೆಗೆ ಬಂದು ತಲೆ ತಗ್ಗಿಸಿ, "ನಾನು ಕೇಳ್ಲಿಲ್ಲ ಮೇಷ್ಟ್ರೇ, ಮಾಡಿಸೋರೇ ಹೇಳಿದ್ರು" ಅಂದ. "ಮಾಡಪ್ಪಾ, ಚೆನ್ನಾಗಿ ಮಾಡು" ಅಂದ ಕೋದಂಡರಾಮಪ್ಪ. ಆಮೇಲೆ ಅವನಿಗೆ ಪೀಠ, ಪ್ರಭಾವಳಿ, ಬಳ್ಳಿ ಹೂವಿನ ಕೆಲಸ ಅಷ್ಟೇ ಕೊಡೋರು. ಮನೆಗೆ ಬಂದ್ರೆ ಮಾತಿಲ್ಲ ಕತೆಯಿಲ್ಲ.

ಭಾರತಮ್ಮ ಬಿಡೋಳಲ್ಲ. ಒಂದು ಭಾನುವಾರ ಶೆಡ್ಡಿನಿಂದ ಒಂದು ಕಲ್ಲಿನ ತುಂಡು ತಂದು ಅವನ ಮುಂದಿಟ್ಟಳು. "ಇದರ ಮೇಲೆ ಕಣ್ಣು ಬಿಡಿಸಿ. ಕದಿರೇಶನ್ನ ಕರೀತೀನಿ, ವೆಂಕಟರಮಣಪ್ಪನ್ನೂ ಕರೀತೀನಿ, ಬಂದು ನೋಡ್ಲಿ ಎಲ್ರೂ. ಡಾಕ್ಟರಮ್ಮ ಹೇಳಿಲ್ವಾ, ಕೈ ಚೆನ್ನಾಗೈತೆ ಅಂತ!"

ಅವನು ಕಲ್ಲನ್ನ ಹತ್ರಕ್ಕೆ ಎಳ್ಕೊಂಡ. ಆಮೇಲೆ ಉಳಿ ತಗೊಂಡ. ಹಣೆಯ ಗೆರೆ ಎಳೆದ, ಹುಬ್ಬು ಎಳೆದ, ಮೂಗಿನ ಏಣು ತೆಗೆದ. ಎಂಥ ಗೆರೆ ಅಂತೀರಿ! ಭಾರತಮ್ಮನ ಕಣ್ಣಲ್ಲಿ ನೀರು. "ನೋಡಿ, ನೋಡಿ, ನಾನು ಹೇಳ್ಲಿಲ್ವಾ" ಅಂತ ಅವಳು ಅನ್ನೋ ಹೊತ್ತಿಗೆ ಉಳಿ ರೆಪ್ಪೆಯ ಜಾಗಕ್ಕೆ ಬಂತು.

ಮಣಿಕಟ್ಟು ಅದುರಿತು. ಉಳಿ ತೆಗೆದ, ಉಸಿರು ತಗೊಂಡ, ಮತ್ತೆ ಇಟ್ಟ. ಮತ್ತೆ ಅದುರಿತು. ಹೂವು ಕೆತ್ತುವಾಗ ಇಲ್ಲದ, ಅನ್ನ ಕಲಸುವಾಗ ಇಲ್ಲದ ನಡುಕ ಅದೊಂದೇ ಜಾಗದಲ್ಲಿ.

"ಈಗ ನನ್ನ ಮೈಯಲ್ಲಿ ಜಾಕಾಯಿ ಎಲ್ಲೈತೆ ಭಾರತಿ?" ಅಂತ ಕೇಳಿದ. ಸಿಟ್ಟಿಲ್ಲ, ನಿಜವಾಗಿಯೂ ಗೊತ್ತಿಲ್ಲದೆ ಕೇಳಿದ.

ಅವಳು ಎರಡೂ ಕೈಯಲ್ಲಿ ಅವನ ಮಣಿಕಟ್ಟು ಬಿಗಿಯಾಗಿ ಹಿಡಿದಳು. ಹಿಡಿದರೂ ಅದು ನಿಲ್ಲಲಿಲ್ಲ.