ಗುಲಾಬಿ ಕೆರೆಯ ದಂಡೆಯಲ್ಲಿ ಹೂತ ಬಸ್ಸು

2007ರ ಜುಲೈಯಲ್ಲಿ ನಾನು ಒಂದು ಪ್ರವಾಸ ಕಂಪನಿಯ ಮೆಲ್ಬರ್ನ್ ಶಾಖೆಯಲ್ಲಿ ಡ್ರೈವರ್-ಗೈಡ್ ಆಗಿದ್ದೆ. ಅಂದರೆ ಬಸ್ ಓಡಿಸುವವನೂ ನಾನೇ, ದಾರಿಯುದ್ದಕ್ಕೂ ವಿವರಣೆ ಕೊಡುವವನೂ ನಾನೇ. ಮುಖ್ಯ ಕಚೇರಿ ಸಿಡ್ನಿಯ ಪ್ಯಾರಮಟ್ಟಾದಲ್ಲಿತ್ತು. ಕೆಲಸ ಇನ್ನೂ ಖಾಯಂ ಆಗಿರಲಿಲ್ಲ. ಆರು ತಿಂಗಳ ಪ್ರೊಬೇಷನ್‌ನಲ್ಲಿ ಐದೂವರೆ ತಿಂಗಳು ಮುಗಿದಿತ್ತು. ಆ ಅವಧಿಯ ಕೊನೆಯ ಪ್ರವಾಸದಲ್ಲಿ ಏನಾಯಿತೆಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಊರಲ್ಲಿದ್ದಾಗ ಹನ್ನೊಂದು ವರ್ಷ ಉಡುಪಿ–ಕುಂದಾಪುರ ಮಾರ್ಗದ ಸರ್ವಿಸ್ ಬಸ್ಸಿನ ಸ್ಟೇರಿಂಗ್ ಹಿಡಿದವನು ನಾನು. ಹೆಂಡತಿ ಸುಗುಣಾಳಿಗೆ ಇಲ್ಲಿ ನರ್ಸ್ ಕೆಲಸ ಸಿಕ್ಕಿತೆಂದು ಬಂದೆವು. ಅವಳಿಗೆ ಹಗಲು ಪಾಳಿ, ನನಗೆ ಏಳು ವರ್ಷ ರಾತ್ರಿಯ ಟ್ಯಾಕ್ಸಿ. ಅವಳು ಬಾಗಿಲು ತೆಗೆದು ಒಳಗೆ ಬರುವಾಗ ನಾನು ಹೊರಗೆ ಹೊರಡುತ್ತಿದ್ದೆ. ಇಡೀ ಸಂಸಾರ ಒಟ್ಟಿಗೆ ಕೂತು ಉಣ್ಣುತ್ತಿದ್ದುದು ಭಾನುವಾರ ಮಾತ್ರ. ಈ ಹೊಸ ಕೆಲಸ ಖಾಯಂ ಆದರೆ ಟ್ಯಾಕ್ಸಿಗೆ ವಿದಾಯ. ಆಗದಿದ್ದರೆ ಮತ್ತೆ ಅದೇ ಗೋಳು. ಅದಕ್ಕೇ ಆ ಆರು ತಿಂಗಳು ನಾನು ಬಸ್ಸನ್ನು ಬಸುರಿಯನ್ನು ಕರೆದೊಯ್ಯುವಷ್ಟು ಜೋಪಾನವಾಗಿ ಓಡಿಸುತ್ತಿದ್ದೆ.

ಇಲ್ಲಿ ಜುಲೈ ಎಂದರೆ ಚಳಿಗಾಲ, ನಮಗೆ ಆಫ್‌ಸೀಸನ್. ಬಸ್ಸುಗಳು ಶೆಡ್ಡಿನಲ್ಲಿ ನಿದ್ದೆ ಹೊಡೆಯುತ್ತವೆ. ಅದೇ ಹೊತ್ತಿಗೆ ನಮ್ಮ ಜನರ ಅಪ್ಪ ಅಮ್ಮಂದಿರು ಇಲ್ಲಿಗೆ ಬಂದು, ಮಕ್ಕಳು ಆಫೀಸಿಗೆ ಹೋದ ಮೇಲೆ ಹೀಟರಿನ ಮುಂದೆ ಕೂತು ಆಕಳಿಸುತ್ತಿರುತ್ತಾರೆ. ಇವರನ್ನು ಮೂರು ದಿನ ಮರುಭೂಮಿಯ ರಾಷ್ಟ್ರೀಯ ಉದ್ಯಾನಕ್ಕೆ ಕರೆದೊಯ್ಯೋಣ ಎಂದು ನಾನೇ ಮ್ಯಾನೇಜರ್ ಗ್ರೇಸ್ ಅವರಿಗೆ ಸಲಹೆ ಕೊಟ್ಟೆ. ಬೇಸಿಗೆಯಲ್ಲಿ ಅಲ್ಲಿ ಮೈ ಸುಡುವ ಬಿಸಿಲು. ಚಳಿಗಾಲದಲ್ಲಿ ಹವೆ ಹಿತ, ಜನಸಂದಣಿ ಇಲ್ಲ. ಅವರು ಪ್ಯಾರಮಟ್ಟಾದಿಂದ ಫೋನಿನಲ್ಲೇ ಒಪ್ಪಿಗೆ ಕೊಟ್ಟರು. ಒಂದೇ ಷರತ್ತು: ಜಲ್ಲಿ ರಸ್ತೆ ಬಿಟ್ಟು ಚಕ್ರ ಕೆಳಗಿಳಿಯಬಾರದು.

ನಾವು ಹೋದದ್ದು ವಿಕ್ಟೋರಿಯಾದ ವಾಯವ್ಯ ಮೂಲೆಯಲ್ಲಿರುವ ಮರ್ರೆ-ಸನ್‌ಸೆಟ್ ಉದ್ಯಾನಕ್ಕೆ. ಮೆಲ್ಬರ್ನ್‌ನಿಂದ ಸುಮಾರು ಐನೂರು ಕಿಲೋಮೀಟರ್. ಕೆಂಪು ಮರಳಿನ ದಿಬ್ಬ, ಕುರುಚಲು ಗಿಡ, ನಡುವೆ ಗುಲಾಬಿ ಬಣ್ಣದ ಉಪ್ಪಿನ ಕೆರೆಗಳು. ಮೆಲ್ಬರ್ನಿನ ಗ್ಲೆನ್ ವೇವರ್ಲಿ ಸ್ಟೇಷನ್ನಿನ ಮುಂದೆ ಬೆಳಿಗ್ಗೆ ಆರಕ್ಕೆ ಹನ್ನೆರಡು ಮಂದಿ ಹಿರಿಯರು ಹತ್ತಿದರು. ಮುಂದಿನ ಸೀಟು ಹಿಡಿದವರು ಮೈಸೂರಿನ ನಿವೃತ್ತ ಹೆಡ್‌ಮಿಸ್ಟ್ರೆಸ್ ಸರೋಜಮ್ಮ. ಎರಡು ಡಬ್ಬಿ ಕೋಡುಬಳೆ, ಒಂದು ಡಬ್ಬಿ ಪುಳಿಯೋಗರೆ, ಜೊತೆಗೆ ಬಸ್ಸಿನವರೆಲ್ಲರ ಮೇಲೂ ಅಧಿಕಾರ. ಕೊನೆಯ ಸೀಟಿನಲ್ಲಿ ಮಂಕಿ ಕ್ಯಾಪ್ ತೊಟ್ಟು, ಅಳಿಯನ ದೊಡ್ಡ ಜಾಕೆಟ್ಟಿನೊಳಗೆ ಹುದುಗಿ ಕೂತವರು ಅಂಕೋಲಾ ಕಡೆಯ ವೆಂಕಣ್ಣ. ಅವರ ಮಗಳು ಹತ್ತಿಸುವಾಗ ಹೇಳಿದ್ದಳು: "ಅಪ್ಪ ಮಾತು ಕಮ್ಮಿ ಅಂಕಲ್, ಸ್ವಲ್ಪ ನೋಡ್ಕೊಳ್ಳಿ."

ಎರಡನೆಯ ದಿನ ಮಧ್ಯಾಹ್ನ ಒಂದೂವರೆಗೆ ಕೆರೆಯ ಪಾರ್ಕಿಂಗ್ ತಲುಪಿದೆವು. ನಮ್ಮದೊಂದೇ ಬಸ್ಸು. ಮೋಡ ಕವಿದಿತ್ತು, ಅಂಥ ಬೆಳಕಿನಲ್ಲೇ ಗುಲಾಬಿ ಬಣ್ಣ ಎದ್ದು ಕಾಣುವುದು. ಪಾರ್ಕಿಂಗ್‌ನಿಂದ ದಂಡೆಗೆ ಇನ್ನೂರು ಮೀಟರ್ ಮಣ್ಣಿನ ಜಾಡಿತ್ತು. ನಡೆದು ಹೋಗೋಣವೆಂದೆ. ಸರೋಜಮ್ಮನಿಗೆ ಮಂಡಿ ನೋವು.

"ಇಷ್ಟು ದೂರ ಬಂದು ನೀರು ಮುಟ್ಟದೇ ಹೋಗೋದಾ? ಬಸ್ ಒಂಚೂರು ಕೆಳಗೆ ಇಳಿಸಿಬಿಡಿಪ್ಪಾ. ಉಡುಪಿ ಡ್ರೈವರ್ ಅಂತೀರಿ, ಇಷ್ಟಕ್ಕೆ ಹೆದರ್ತೀರಾ?"

ಅಲ್ಲೇ ಕೆಟ್ಟಿತು ನೋಡಿ. ಕರಾವಳಿಯ ಸರ್ವಿಸ್ ಬಸ್ಸಿನವನಿಗೆ ಧೈರ್ಯವಿಲ್ಲ ಎಂದರೆ ಮುಗಿಯಿತು, ಅವನ ಬುದ್ಧಿ ಕ್ಲೀನರನ ಜೊತೆ ಹಿಂದಿನ ಬಾಗಿಲಿನಿಂದ ಇಳಿದು ಹೋಗುತ್ತದೆ. ಇದರ ಜೊತೆಗೆ ಇನ್ನೊಂದು ತಪ್ಪು ಲೆಕ್ಕ. ನಮ್ಮೂರಲ್ಲಿ ಚಳಿಗಾಲವೆಂದರೆ ನೆಲ ಒಣಗಿರುವ ಕಾಲ. ಈ ಭಾಗದಲ್ಲಿ ಮಳೆ ಬೀಳುವುದೇ ಚಳಿಗಾಲದಲ್ಲಿ. ಎಂಟು ವರ್ಷದಿಂದ ಇಲ್ಲಿದ್ದರೂ ನನ್ನ ತಲೆಯೊಳಗಿನ ಕ್ಯಾಲೆಂಡರ್ ಉಡುಪಿಯದೇ ಆಗಿತ್ತು. ಜಾಡಿನ ಮೇಲ್ಭಾಗ ಬೆಳ್ಳಗೆ ಒಣಗಿ, ಗಟ್ಟಿಯಾಗಿ ಕಂಡಿತು. ಕೆರೆಯ ಉಪ್ಪಿಗೆ ಆ ಬಣ್ಣ ಹೇಗೆ ಬರುತ್ತದೆ, ನೀರಿನಲ್ಲಿ ಯಾವ ಪಾಚಿ ಇದೆ ಎಂದು ಜೋರಾಗಿ ವಿವರಿಸುತ್ತಲೇ ಬಸ್ಸು ಇಳಿಸಿದೆ.

ನೂರು ಮೀಟರ್ ಚೆನ್ನಾಗಿ ಹೋಯಿತು. ಆಮೇಲೆ ಹಪ್ಪಳ ಮುರಿದ ಹಾಗೆ ಸದ್ದಾಯಿತು, ಹಿಂದಿನ ಚಕ್ರಗಳು ಕುಸಿದವು. ಮೇಲೆ ಎರಡು ಬೆರಳು ದಪ್ಪದ ಉಪ್ಪಿನ ಪದರ, ಕೆಳಗೆ ಬರೀ ಜೇಡಿ ಕೆಸರು. ಆಕ್ಸಿಲರೇಟರ್ ಒತ್ತಿದಷ್ಟೂ ಚಕ್ರ ಒಳಗೆ ಹೋಯಿತು. ಮೊಬೈಲಿಗೆ ಸಿಗ್ನಲ್ ಇಲ್ಲ. ಹೆದ್ದಾರಿಗೆ ನಡೆದು ಹೋಗಿ ಟೋ ಟ್ರಕ್ ಕರೆಸುವುದೊಂದೇ ದಾರಿ. ಕರೆಸಿದರೆ ಸುದ್ದಿ ನನಗಿಂತ ಮೊದಲು ಪ್ಯಾರಮಟ್ಟಾ ತಲುಪುತ್ತಿತ್ತು. ಸಂಜೆ ಐದೂವರೆಗೆಲ್ಲ ಕತ್ತಲು, ಅದರ ಹಿಂದೆಯೇ ಕೊರೆಯುವ ಚಳಿ. ಎಲ್ಲರನ್ನೂ ಇಳಿಸಿ ಸಲಿಕೆ ತೆಗೆದೆ.

ನಾಲ್ಕು ಸಲ ಅಗೆದಿರಬೇಕು. ಹಿಂದಿನಿಂದ ಒಂದು ಕೈ ಬಂದು ಸಲಿಕೆ ಹಿಡಿಯಿತು.

"ತಡಿಯೋ ತಮಾ. ಕೆಸರು ತೆಗ್ದಷ್ಟೂ ಕೆಸರು ಬರ್ತದೆ. ಮೊದಲು ನೀರಿಗೆ ದಾರಿ ಮಾಡು."

ವೆಂಕಣ್ಣ ಆಗಲೇ ಬೂಟು, ಸಾಕ್ಸು ಬಿಚ್ಚಿ ಪ್ಯಾಂಟು ಮಡಚಿದ್ದರು. ಚಕ್ರದ ಬುಡದಿಂದ ಇಳಿಜಾರಿನ ಕಡೆಗೆ ಗೇಣು ಅಗಲದ ಕಾಲುವೆ ಕೊರೆದರು. ನಿಂತ ನೀರು ಸರಾಗ ಹರಿದು ಹೋಯಿತು. "ನಿಮಗೆ ಇದೆಲ್ಲ ಹೇಗೆ ಗೊತ್ತು?" ಎಂದು ಕೇಳಿದೆ.

"ನಲವತ್ತು ವರ್ಷ ಉಪ್ಪಿನ ಆಗರದಲ್ಲಿ ಮತ್ತೆಂತ ಮಾಡ್ದೆ ಅಂದ್ಕೊಂಡ್ಯೋ?"

ಆಗರವೆಂದರೆ ಸಮುದ್ರದ ನೀರನ್ನು ಪಾತಿಗಳಲ್ಲಿ ಒಣಗಿಸಿ ಉಪ್ಪು ತೆಗೆಯುವ ಜಾಗ. ಪಾತಿಯ ನೆಲ ಮೆತ್ತಗಿದ್ದರೆ ಉಪ್ಪಿಗೆ ಮಣ್ಣು ಸೇರುತ್ತದೆ. ಹಾಗಾಗಿ ಪ್ರತಿ ವರ್ಷ ಕೆಲಸ ಶುರುವಾಗುವ ಮುನ್ನ ನೀರು ಬಸಿದು, ಆಳುಗಳು ಸಾಲಾಗಿ ನಿಂತು ಜೇಡಿಯನ್ನು ಕಾಲಲ್ಲೇ ಮೆಟ್ಟಿ ಮೆಟ್ಟಿ ಗಟ್ಟಿ ಮಾಡುತ್ತಾರಂತೆ. ವೆಂಕಣ್ಣ ಈಗ ಅದನ್ನೇ ಮಾಡಿಸಲು ಹೊರಟರು. ಪಕ್ಕದ ದಿಬ್ಬದಿಂದ ಒಣ ಮರಳನ್ನು ನಾವು ಊಟದ ಡಬ್ಬಿಗಳಲ್ಲಿ, ಬಕೆಟ್ಟಿನಲ್ಲಿ ಹೊತ್ತು ತಂದು ಚಕ್ರದ ಹಿಂದೆ ಸುರಿದೆವು. ಆಮೇಲೆ ಗಟ್ಟಿಮುಟ್ಟಾಗಿದ್ದ ಒಂಬತ್ತು ಮಂದಿ ತೋಳಿಗೆ ತೋಳು ಕೊಟ್ಟು ನಿಂತರು.

"ಹಿಮ್ಮಡಿ ಊರಿ. ಸಣ್ಣ ಹೆಜ್ಜೆ. ಹಾರೂದು ಬೇಡ. ಎಡ... ಬಲ... ಎಡ..."

ಬ್ಯಾಂಕ್ ಮ್ಯಾನೇಜರ್ ಆಗಿದ್ದವರು, ತಹಸೀಲ್ದಾರರ ಪತ್ನಿ, ನಾನು, ಎಲ್ಲರೂ ಮರುಭೂಮಿಯಲ್ಲಿ ಕೆಸರು ಮೆಟ್ಟಿದೆವು. ಮಂಡಿ ನೋವಿನ ಸರೋಜಮ್ಮ ಕಲ್ಲಿನ ಮೇಲೆ ಕೂತು, ಡ್ರಿಲ್ ಪೀರಿಯಡ್ಡಿನಲ್ಲಿ ಇದ್ದಂತೆ ಚಪ್ಪಾಳೆ ತಟ್ಟಿ ತಾಳ ಹಾಕಿದರು. ಯಾರೋ ನಗಲು ಶುರು ಮಾಡಿದರು, ಅದು ಸಾಲಿನುದ್ದಕ್ಕೂ ಹಬ್ಬಿತು. ನನ್ನ ಕೆಲಸ ಹೋಗುವ ಹಂತದಲ್ಲಿದ್ದರೂ ನನಗೂ ನಗು ಬಂತು. ಎಷ್ಟೋ ವರ್ಷದಿಂದ ಅಷ್ಟು ಜನರ ಜೊತೆ ಕಾಲು ಕೆಸರು ಮಾಡಿಕೊಂಡಿರಲಿಲ್ಲ, ಸುಳ್ಳೇಕೆ, ಖುಷಿಯಾಯಿತು.

ಒಂದು ಸುತ್ತು ಮೆಟ್ಟಿದ ಮೇಲೆ ವೆಂಕಣ್ಣ ಹಿಮ್ಮಡಿ ಒತ್ತಿ ನೋಡಿದರು. ಗುರುತಿನಲ್ಲಿ ನೀರು ಜಿನುಗಿತು. "ಇನ್ನೂ ಆಗ್ಲಿಲ್ಲ." ಮತ್ತೆ ಮರಳು, ಮತ್ತೆ ಮೆಟ್ಟಾಟ. ಮೂರನೆಯ ಸಲ ಹಿಮ್ಮಡಿಯ ಗುರುತು ಒಣಗಿಯೇ ಉಳಿಯಿತು. "ಈಗ ತೆಗೆ. ಗುರ್ರ್ ಅನ್ನಿಸಬೇಡ." ರಿವರ್ಸ್ ಗೇರ್ ಹಾಕಿ ಕ್ಲಚ್ಚನ್ನು ಮೆಲ್ಲ ಬಿಟ್ಟೆ. ಬಸ್ಸು ಒಮ್ಮೆ ಮುಗ್ಗರಿಸಿ, ಮೆಟ್ಟಿದ ನೆಲದ ಮೇಲೆ ಹತ್ತಿ, ಹಾಗೆಯೇ ಹಿಂದೆ ಹಿಂದೆ ಜಲ್ಲಿ ರಸ್ತೆಯವರೆಗೂ ಬಂತು. ಗಂಟೆ ಮೂರೂಮುಕ್ಕಾಲು. ನಾವೆಲ್ಲ ಸೇರಿ ಕಾಲುವೆ ಮುಚ್ಚಿ ಜಾಡನ್ನು ಸಮ ಮಾಡಿದೆವು. ವೆಂಕಣ್ಣ ದಂಡೆಗೆ ಹೋಗಿ ಒಂದು ಹರಳನ್ನು ನಾಲಗೆಗೆ ಇಟ್ಟು ನೋಡಿದರು. "ಬಣ್ಣ ಚಂದ. ಉಪ್ಪು ಸುಮಾರು, ಕಹಿ ಉಂಟು" ಎಂದು ತೀರ್ಪು ಕೊಟ್ಟರು. ಉಪ್ಪು ಕಟ್ಟುವ ಮೊದಲು ಅವರ ಪಾತಿಗಳೂ ಹೀಗೆ ಕೆಂಪಾಗುತ್ತಿದ್ದವಂತೆ. ನಾನು ಅಷ್ಟು ಹೊತ್ತು ಯಾರಿಗೆ ಪಾಠ ಹೇಳಿದ್ದೆನೋ!

ಮೋಟೆಲಿಗೆ ಮರಳುವ ದಾರಿಯಲ್ಲಿ ಬಸ್ಸಿನಲ್ಲೇ ಸಭೆ ಸೇರಿತು. "ಕಂಪನಿಗೆ ಹೇಳೋದ್ಯಾಕೆ? ಚೆನ್ನಾಗಿ ತೊಳೆದುಬಿಟ್ರೆ ಆಯ್ತು. ನಾವ್ಯಾರೂ ಬಾಯಿ ಬಿಡಲ್ಲ" ಎಂದರು ಸರೋಜಮ್ಮ. ಉಳಿದವರೂ ಹೂಂ ಎಂದರು. ನನಗೂ ಅದೇ ಬೇಕಿತ್ತು. ಮೋಟೆಲ್ ಇದ್ದ ಊರಿನ ಪೆಟ್ರೋಲ್ ಬಂಕಿನಲ್ಲಿ ಪೈಪು ಹಿಡಿದು ನಾನು ಬಸ್ ತೊಳೆಯುವಾಗ ವೆಂಕಣ್ಣ ಬಗ್ಗಿ ಅಡಿಭಾಗ ನೋಡಿದರು.

"ಮೇಲೆ ತೊಳೆದ್ರೆ ಸಾಕಾಗೂದಿಲ್ಲ ತಮಾ. ಕಬ್ಬಿಣಕ್ಕೆ ಹತ್ತಿದ ಉಪ್ಪು ಸುಮ್ನೆ ಕೂರೂದಿಲ್ಲ, ತಿಂತಾ ಹೋಗ್ತದೆ. ನಮ್ಮ ತಕ್ಕಡಿ, ಬೀಗ ಎಲ್ಲಾ ಹಾಂಗೇ ಹೋಯ್ತು. ಇದರ ಬ್ರೇಕು ಮುಂದೆ ಯಾರ ಕಾಲಡಿ ಇರ್ತದೋ."

ಪೈಪು ಕೈಯಲ್ಲೇ ಉಳಿಯಿತು. ಬ್ರೇಕಿನ ಕೊಳವೆಗಳು ಇರುವುದು ಅಡಿಯಲ್ಲೇ. ವರ್ಕ್‌ಶಾಪಿಗೆ ಹೇಳದಿದ್ದರೆ ಅವರು ಬಿಚ್ಚಿ ನೋಡುವುದಿಲ್ಲ. ಮುಂದಿನ ವರ್ಷ ಯಾವನೋ ಡ್ರೈವರ್ ಯಾವುದೋ ಘಾಟಿ ಇಳಿಯುವಾಗ ಒತ್ತುವ ಬ್ರೇಕು ಅದು. ಹೇಳಿದರೆ ನನ್ನ ಕೆಲಸ ಹೋಗುತ್ತಿತ್ತು. ಉಪ್ಪು ತಿಂದವನು ನೀರು ಕುಡಿಯಲೇಬೇಕು. ಅಲ್ಲಿಂದಲೇ ಗ್ರೇಸ್ ಅವರಿಗೆ ಫೋನ್ ಮಾಡಿದೆ. ಷರತ್ತು ಮುರಿದದ್ದು, ಜಂಬ, ಕೆಸರು ಮೆಟ್ಟಿದ್ದು, ಎಲ್ಲವನ್ನೂ ಇದ್ದದ್ದು ಇದ್ದ ಹಾಗೆ ಹೇಳಿದೆ.

"ಪ್ರಯಾಣಿಕರನ್ನು ಇಳಿಸಿದ ಮೇಲೆ ಬಸ್ಸನ್ನು ನೇರ ವರ್ಕ್‌ಶಾಪಿಗೆ ಬಿಡಿ. ಪ್ರೊಬೇಷನ್ ಇನ್ನೂ ಮೂರು ತಿಂಗಳು" ಎಂದರು ಅವರ ಇಂಗ್ಲಿಷಿನಲ್ಲಿ. ನಾನು ಥ್ಯಾಂಕ್ಸ್ ಹೇಳುವ ಮೊದಲೇ ಸೇರಿಸಿದರು, "ಕೆಸರಿನಲ್ಲಿ ಹೂತವರನ್ನು ಬೇಕಾದಷ್ಟು ನೋಡಿದ್ದೇನೆ. ತಾವಾಗಿ ಫೋನ್ ಮಾಡಿದವರು ನೀವೇ ಮೊದಲು."

ಮೂರು ತಿಂಗಳ ನಂತರ ಕೆಲಸ ಖಾಯಂ ಆಯಿತು. ಟ್ಯಾಕ್ಸಿಯ ಕಡೆ ಮತ್ತೆ ತಿರುಗಿ ನೋಡಲಿಲ್ಲ. ವಾರದಲ್ಲಿ ನಾಲ್ಕು ದಿನವಾದರೂ ಸುಗುಣಾ ಬಡಿಸಿದ್ದನ್ನು ಬಿಸಿಬಿಸಿಯಾಗಿ ಉಣ್ಣುವಂತಾಯಿತು.

ಆ ಪ್ರವಾಸದ ಕೊನೆಗೆ ಗ್ಲೆನ್ ವೇವರ್ಲಿಯಲ್ಲಿ ಎಲ್ಲರೂ ಇಳಿಯುವಾಗ ವೆಂಕಣ್ಣನ ಬ್ಯಾಗು ಕೆಳಗಿಳಿಸುತ್ತಾ, "ಅಷ್ಟೆಲ್ಲ ಗೊತ್ತಿದ್ದವರು ಬಸ್ಸು ಜಾಡಿಗೆ ತಿರುಗುವಾಗ ಒಂದು ಮಾತು ಹೇಳಬಾರದಿತ್ತೇ?" ಎಂದು ಕೇಳಿದೆ.

ಅವರು ಟೋಪಿ ಸರಿ ಮಾಡಿಕೊಂಡು ನಕ್ಕರು.

"ಹೇಳ್ದೆನೋ ತಮಾ, ಎರಡು ಸಲ. ನೀನು ಉಪ್ಪಿನ ವಿಷಯ ಹೇಳ್ತಾ ಇದ್ದೆ."

ಹತ್ತೊಂಬತ್ತು ವರ್ಷದ ಗೈಡ್ ಕೆಲಸ ನನಗೆ ಕಲಿಸಿದ್ದು ಇಷ್ಟೇ: ಗೊತ್ತಿಲ್ಲದ ದಾರಿಗೆ ತಿರುಗುವ ಮುನ್ನ ಬಸ್ಸು ನಿಲ್ಲಿಸಬೇಕು, ಬಾಯಿ ಮುಚ್ಚಬೇಕು, ಹಿಂದಿನ ಸೀಟಿನವರೆಗೂ ನಡೆದು ಹೋಗಿ ಕೇಳಬೇಕು.