ಯಾರೂ ಗುರುತಿನವರಿಲ್ಲದ ಊರು

ಹೋಟೆಲಿನ ಹಾಸಿಗೆಗೆ ಒಂದು ವಾಸನೆ ಇರುತ್ತದೆ, ನೀವೂ ಗಮನಿಸಿರಬಹುದು. ಸೋಪಿನದಲ್ಲ, ಬಿಸಿಲಿನದೂ ಅಲ್ಲ; ಯಾರ ಮನೆಯದೂ ಅಲ್ಲದ ವಾಸನೆ. ನಿನ್ನೆ ಸಂಜೆ ಮೆಲ್ಬರ್ನಿನ ಈ ಕೋಣೆಗೆ ಬಂದು, ಬೂಟು ಬಿಚ್ಚಿ, ಬಿಗಿಯಾಗಿ ಸಿಕ್ಕಿಸಿಟ್ಟಿದ್ದ ಬಿಳಿ ಹೊದಿಕೆಯನ್ನು ಎಳೆದಾಗ ಆ ವಾಸನೆ ಬಂತು. ಮಂಚದ ಅಂಚಿನಲ್ಲಿ ಕೂತು ಅತ್ತೆ. ಆಫೀಸಿನ ಕೆಲಸಕ್ಕೆಂದು ಸಿಡ್ನಿಯಿಂದ ಬಂದ ನಡುವಯಸ್ಸಿನ ಹೆಂಗಸು, ಕುತ್ತಿಗೆಯಲ್ಲಿ ಅಲ್ಲಿನ ನಾರ್ವೆಸ್ಟ್ ಆಫೀಸಿನ ಗುರುತಿನ ಕಾರ್ಡು ಇನ್ನೂ ನೇತಾಡುತ್ತಿರುವಾಗಲೇ ಬೆಡ್‌ಶೀಟು ಹಿಡಿದು ಅಳುವುದು ನೋಡಿದವರಿಗೆ ನಗು ತರಿಸುವಂಥದ್ದೇ. ಪುಣ್ಯಕ್ಕೆ ನೋಡುವವರು ಯಾರೂ ಇರಲಿಲ್ಲ. ಹೋಟೆಲಿನ ಸುಖವೇ ಅದಂತೆ. ಹಾಗೆಂದು ನನಗೆ ಹೇಳಿದವಳು ಅಕ್ಕ. ಅವಳು ಹೋಟೆಲಿನಲ್ಲಿ ಒಂದು ರಾತ್ರಿಯೂ ಮಲಗಿದವಳಲ್ಲ.

ಮೆಲ್ಬರ್ನಿನಲ್ಲಿ ನಾನು ಹೋಟೆಲಿಗೆ ಇಳಿದದ್ದು ಇದೇ ಮೊದಲು. ಇಷ್ಟು ವರ್ಷ ಯಾವ ಕೆಲಸಕ್ಕೆ ಬಂದರೂ ವಿಮಾನ ನಿಲ್ದಾಣದಿಂದ ನೇರ ಪಾಯಿಂಟ್ ಕುಕ್‌ಗೆ, ಅಕ್ಕನ ಮನೆಗೆ ಹೋಗುತ್ತಿದ್ದೆ. ನಾನೊಬ್ಬಳೇ ಅಲ್ಲ. ಧಾರವಾಡ, ಹುಬ್ಬಳ್ಳಿ, ಬೆಳಗಾವಿಯ ಕಡೆಯಿಂದ ಹೊಸದಾಗಿ ವೀಸಾ ಸಿಕ್ಕಿ ಬಂದವರೆಲ್ಲ ಮೊದಲು ಕಾಲಿಡುತ್ತಿದ್ದದ್ದು ಆ ಮನೆಗೇ. ರೆಂಟಿಗೆ ಮನೆ ಸಿಗುವತನಕ ಅಲ್ಲೇ ವಾಸ. ಗರಾಜಿನಲ್ಲಿ ಕಾರು ನಿಂತದ್ದನ್ನು ನಾನು ಕಂಡಿಲ್ಲ. ಅಲ್ಲಿ ಮಡಿಚುವ ಮಂಚಗಳು, ಸುರುಳಿ ಸುತ್ತಿದ ಗಾದಿಗಳು, ಯಾರೋ ಬಿಟ್ಟುಹೋದ ಸೂಟ್‌ಕೇಸುಗಳು. ನನ್ನ ಗಂಡ ಮೈಸೂರಿನವರು. ಅವರು ಆ ಮನೆಗೆ ಇಟ್ಟ ಹೆಸರು 'ಪಾಯಿಂಟ್ ಕುಕ್ ಛತ್ರ'. ಅಕ್ಕ ನಗುತ್ತಿದ್ದಳು, ನಕ್ಕು ಇನ್ನೊಂದು ಲೋಟ ಅಕ್ಕಿ ತೊಳೆಯುತ್ತಿದ್ದಳು. ಆಮೇಲೆ ಫ್ರೀವೇ ಹಿಡಿದು ಸಿಟಿಯ ಆಫೀಸಿಗೆ ಹೊರಡುತ್ತಿದ್ದಳು. ಸಂಬಳದ ವಿಭಾಗದಲ್ಲಿ ಕೆಲಸ ಅವಳಿಗೆ.

ಸರಿ, ಬೇರೆಯವರ ಮನೆಗೆ ಹೋದಾಗಲಾದರೂ ಅವಳಿಗೆ ವಿಶ್ರಾಂತಿ ಸಿಗುತ್ತಿತ್ತೇ ಎಂದರೆ ಅದೂ ಇಲ್ಲ. ಧಾರವಾಡದಲ್ಲಿ ನಮ್ಮ ಅವ್ವ ನಮ್ಮಿಬ್ಬರಿಗೂ ಬಾಲ್ಯದಲ್ಲೇ ಒಂದು ಶಿಸ್ತು ಕಲಿಸಿದ್ದಳು. "ಮಂದಿ ಮನ್ಯಾಗ ಇದ್ದಾಗ ನಾವು ಇದ್ದದ್ದು ಅವರಿಗೆ ಗೊತ್ತಾಗಬಾರ್ದು" ಎನ್ನುತ್ತಿದ್ದಳು. ಮನೆಯವರು ಏಳುವ ಮೊದಲೇ ಏಳಬೇಕು, ಹಾಸಿಗೆ ಮಡಿಸಿಡಬೇಕು, ತಾನು ಕುಡಿದ ಕಪ್ಪು ತಾನೇ ತೊಳೆಯಬೇಕು. ಅಕ್ಕ ಸಿಡ್ನಿಗೆ, ಕ್ವೇಕರ್ಸ್ ಹಿಲ್‌ನ ನಮ್ಮ ಮನೆಗೆ ಬಂದಾಗಲೂ ಇದನ್ನು ಬಿಡಲಿಲ್ಲ. ಸ್ವಂತ ತಂಗಿಯ ಮನೆ! ನಾನು ಕಣ್ಣುಜ್ಜುತ್ತ ಹೊರಗೆ ಬಂದರೆ ಸಿಂಕ್ ಒರೆಸಿ ಒಣಗಿರುತ್ತಿತ್ತು, ಚಹಾ ಕುದಿಯುತ್ತಿರುತ್ತಿತ್ತು, ಅವಳ ಕೋಣೆಯಲ್ಲಿ ರಾತ್ರಿ ಯಾರಾದರೂ ಮಲಗಿದ್ದರು ಎನ್ನುವುದಕ್ಕೆ ಒಂದು ಸುಕ್ಕೂ ಸಾಕ್ಷಿಗೆ ಉಳಿದಿರುತ್ತಿರಲಿಲ್ಲ. ನನಗೆ ಸಿಟ್ಟು ಬರುತ್ತಿತ್ತು. ಚಹಾ ಮಾತ್ರ ಕುಡಿಯುತ್ತಿದ್ದೆ.

ಇಂಥವಳು ಒಂದು ಭಾನುವಾರ ಫೋನಿನಲ್ಲಿ, ಮೆಂತ್ಯ ಸೊಪ್ಪು ಸೋಸುತ್ತಲೇ ಇರಬೇಕು, ಇದ್ದಕ್ಕಿದ್ದಂತೆ ಹೇಳಿದಳು: "ನನಗ ಒಮ್ಮೆ ಹೊಟೇಲಿನಾಗ ಇರಬೇಕಾಗ್ಯದ."

"ಯಾವ ಊರಾಗ?"

"ಯಾವ ಊರಾದ್ರೂ ನಡೀತದ. ಮುಂಜಾನೆ ಎದ್ದು ಯಾರ ಸಲುವಾಗೀನೂ ಚಹಾ ಇಡಬಾರ್ದು. ಯಾರೂ ನನ್ನ ಸಲುವಾಗಿ ಇಡ್ಲಿಕ್ಕೆ ಏಳಬಾರ್ದು. ಅಷ್ಟ."

ಬೇಡಿಕೆ ಎಷ್ಟು ಸಣ್ಣದೋ ಅಷ್ಟೇ ಕಷ್ಟದ್ದು ಎಂದು ತಿಳಿದದ್ದು ಊರು ಹುಡುಕಲು ಕೂತಾಗ. ನಮ್ಮಲ್ಲಿ, ಗುರುತಿನವರು ಇರುವ ಊರಿಗೆ ಹೋಗಿ ಹೋಟೆಲಿನಲ್ಲಿ ಇಳಿಯುವುದೆಂದರೆ ಅವರ ಮುಖಕ್ಕೆ ಹೊಡೆದ ಹಾಗೆ. ನಿಮಗೂ ಗೊತ್ತಿರುವ ಸಂಗತಿಯೇ. ಲಂಡನ್ನಿನಲ್ಲಿ ಸೋದರಮಾವನ ಮಗಳು. ಸಿಂಗಾಪುರದಲ್ಲಿ ಭಾವನ ಕ್ಲಾಸ್‌ಮೇಟು. ಆಕ್ಲೆಂಡಿಗೆ ಹೋದರೆ ಭಾವನ ಅಣ್ಣನ ಮಗ ವಿಮಾನದ ಬಾಗಿಲಿಗೇ ಬಂದು ನಿಂತಾನು. ಪ್ಯಾರಿಸ್ಸಿನಲ್ಲಿ ಯಾರೂ ಇಲ್ಲ ಎಂದು ಖುಷಿಪಡುತ್ತಿರುವಾಗ, ಛತ್ರದಲ್ಲಿ ಒಂದು ತಿಂಗಳು ಇದ್ದು ಹೋದ ದಂಪತಿ ಅಲ್ಲಿಗೇ ವರ್ಗವಾದ ಸುದ್ದಿ ಬಂತು. ಅಕ್ಕ ಯುರೋಪಿನ ನಕ್ಷೆ ತೆರೆದು ಮೇಲಕ್ಕೆ ಮೇಲಕ್ಕೆ ಸರಿಯುತ್ತ ಬಾಲ್ಟಿಕ್ ಸಮುದ್ರದ ದಂಡೆಗೆ ಹೋಗಿ ಮುಟ್ಟಿದಳು. ರೀಗಾ ಚೆನ್ನಾಗಿ ಕಂಡಿತು. ವಿಚಾರಿಸಿದರೆ ಅಲ್ಲಿ ಬೆಳಗಾವಿಯ ಪರಿಚಯದವರ ಮಗಳು ಡಾಕ್ಟರಿಕೆ ಓದುತ್ತಿದ್ದಳು. ಕೊನೆಗೆ ಉಳಿದದ್ದು ಇನ್ನೂ ಮೇಲಿನ ಟ್ಯಾಲಿನ್. "ಈ ಊರಿನ ಹೆಸರು ನಮ್ಮ ಮಂದ್ಯಾಗ ಯಾರ ಬಾಯಾಗೂ ಕೇಳಿಲ್ಲ. ಇದನ್ನ ಹಿಡಿ" ಎಂದಳು ಅಕ್ಕ.

ಆಮೇಲಿನ ಕೆಲವು ತಿಂಗಳು ನಾವಿಬ್ಬರೂ ಟ್ಯಾಲಿನ್‌ನಲ್ಲೇ ಇದ್ದೆವು ಎನ್ನಬೇಕು. ಆಫೀಸಿನಲ್ಲಿ ಮಧ್ಯಾಹ್ನದ ಡಬ್ಬಿ ಬಿಚ್ಚಿಕೊಂಡು ನಾನು ಆ ಊರಿನ ಹೋಟೆಲುಗಳ ಚಿತ್ರ ನೋಡುತ್ತಿದ್ದೆ. ಹಳೆಯ ಊರಿಗೆ ಸುತ್ತಲೂ ಕಲ್ಲಿನ ಕೋಟೆ, ಮೊನಚು ಗೋಪುರಗಳು, ಕೆಂಪು ಹಂಚು. ಉಳಿದರೆ ಕೋಟೆಯ ಒಳಗೇ ಉಳಿಯಬೇಕು ಎಂದು ತೀರ್ಮಾನವಾಯಿತು. ಆದರೆ ಅಲ್ಲಿನ ಕಟ್ಟಡಗಳು ನೂರಾರು ವರ್ಷ ಹಳೆಯವು, ಎಲ್ಲದರಲ್ಲೂ ಲಿಫ್ಟ್ ಇಲ್ಲ. ಅಕ್ಕನ ಮೊಣಕಾಲು ಸರಿಯಿಲ್ಲ. ಬೀದಿಗೆಲ್ಲ ಉರುಟು ಕಲ್ಲು, ಚಕ್ರದ ಪೆಟ್ಟಿಗೆ ಎಳೆಯುವುದು ಕಷ್ಟ. ಟ್ಯಾಕ್ಸಿ ಬಾಗಿಲತನಕ ಬರುತ್ತದೆಯೇ ಕೇಳಬೇಕು. ಬೀದಿ ಕಡೆಯ ಕೋಣೆಯಾದರೆ ಕುಡಿದವರ ಗಲಾಟೆ, ಒಳಗಿನ ಅಂಗಳದ ಕಡೆಯದು ಶಾಂತ. ಜೂನ್‌ನಲ್ಲಿ ಅಲ್ಲಿ ರಾತ್ರಿಯಾದರೂ ಸರಿಯಾಗಿ ಕತ್ತಲಾಗುವುದಿಲ್ಲ ಎಂದಾಗ ಅಕ್ಕ ಗಾಬರಿಯಾದಳು.

"ಹಂಗಿದ್ರ ಪರದೆ ದಪ್ಪ ಅವ ಏನ್ ಕೇಳು. ನಾ ಅಲ್ಲಿ ಮಲಗ್ಲಿಕ್ಕೆ ಹೊಂಟೀನಿ, ಊರು ನೋಡ್ಲಿಕ್ಕಲ್ಲ."

ನಾನು ಹೋಟೆಲಿಗೆ ಬರೆದು ಕೇಳಿದೆ. ಪರದೆ ದಪ್ಪವಿದೆ ಎಂದು ಉತ್ತರ ಬಂತು. ಅಕ್ಕನಿಗೆ ಅಷ್ಟಕ್ಕೇ ಸಮಾಧಾನವಾಗಲಿಲ್ಲ, "ಎಷ್ಟು ದಪ್ಪ?" ಎಂದು ಕೇಳಿಸಿದಳು. ನನ್ನ ಗಂಡ ಒಂದು ದಿನ ಪೇಪರಿನಿಂದ ತಲೆ ಎತ್ತಿ, "ನೀವಿಬ್ರೂ ಪ್ಲಾನ್ ಮಾಡೋದ್ರಲ್ಲೇ ಮೂರು ಸಲ ಹೋಗಿ ಬಂದ್‌ಬಿಟ್ರಿ ಬಿಡಿ" ಎಂದರು. ಅವರು ತಮಾಷೆಗೆ ಅಂದದ್ದು.

ಅಕ್ಕ, ಭಾವ ಇಬ್ಬರಿಗೆ ಕೋಣೆ ಬುಕ್ ಆಯಿತು. ಆದರೆ ಭಾವ ಸುಮ್ಮನಿರಲಾರದೆ ಹೋದರು. ಭಾವ ಮಿತಭಾಷಿ, ಮನೆಯ ಒಂದು ಸುದ್ದಿಯನ್ನೂ ಹೊರಗೆ ಆಡುವವರಲ್ಲ. ಅಂಥವರಿಗೂ ಹೆಂಡತಿಯನ್ನು ಇಷ್ಟು ದೂರದ ಊರಿಗೆ ಕರೆದುಕೊಂಡು ಹೋಗುತ್ತಿರುವ ಹೆಮ್ಮೆ ತಡೆಯಲಾಗಲಿಲ್ಲ. ಮನೆಯವರ ವಾಟ್ಸಾಪ್ ಗುಂಪಿನಲ್ಲಿ ಆ ಕೆಂಪು ಹಂಚಿನ ಚಿತ್ರ ಹಾಕಿದರು. ಸಂಜೆಯೊಳಗೆ ಹುಬ್ಬಳ್ಳಿಯ ಮಾಲತಿ ವೈನಿಯ ಉತ್ತರ ಬಂತು: ಅವರ ತಂಗಿಯ ಮಗ ವಿನಾಯಕ ಇರುವುದು ಅಲ್ಲೇ ಅಂತೆ! ಸಾಫ್ಟ್‌ವೇರ್ ಕೆಲಸಕ್ಕೆ ಹೋಗಿ ಒಂದು ವರ್ಷವಾಯಿತಂತೆ!

ಮರುದಿನ ವಿನಾಯಕ ಅಕ್ಕನಿಗೆ ಫೋನು ಮಾಡಿದ. "ಆಂಟಿ, ನಮ್ಮ ಮನಿ ಇರೂವಾಗ ಹೊಟೇಲ್ ಯಾಕ್ರಿ? ನನ್ನ ಹೆಂಡ್ತಿ ಬಸುರಿ ಇದ್ದಾಳ. ಇಲ್ಲಿ ನಮ್ಮವರು ಅನ್ನೂವವರು ಯಾರೂ ಇಲ್ಲ. ನೀವು ಬಂದ್ರ ಆಕಿಗೆ ತವರುಮನಿಯವರು ಬಂದಂಗ ಆಗ್ತದ್ರಿ."

ಇದಕ್ಕೆ ಯಾರು ಇಲ್ಲ ಎಂದಾರು? ಅಕ್ಕ ಇಲ್ಲ ಎನ್ನಲಿಲ್ಲ. ನನಗೆ ಫೋನು ಮಾಡಿದಾಗ ಆ ಬಸುರಿಗೆ ಒಯ್ಯುವ ಅಂಟಿನುಂಡಿಗೆ ಬೇಕಾದ ಒಣಕೊಬ್ಬರಿ ತುರಿಯುತ್ತಿದ್ದಳು. ತುರಿಮಣೆಯ ಶಬ್ದ ಕೇಳಿಸುತ್ತಿತ್ತು. "ಪಾಪ, ಹುಡುಗಿ ಒಬ್ಬಾಕಿನ ಇದ್ದಾಳ. ನಾ ಹೊಟೇಲಿನಾಗ ಪರದೆ ಹಾಕ್ಕೊಂಡು ಮಲಗಿ ಏನ್ ಮಾಡ್ಲಿ?" ಎಂದಳು. ತುರಿಮಣೆಯ ಶಬ್ದ ನಿಂತಿತು. ಆಮೇಲೆ ದನಿ ತಗ್ಗಿಸಿ, "ಒಂದು ರಾತ್ರಿ ಮಾಡ್ಲಿಕ್ಕೆ ಬರ್ತದೇನು?" ಎಂದು ಕೇಳಿದಳು.

ಹೀಗೆ ನಮ್ಮ ಪಿತೂರಿ ಶುರುವಾಯಿತು. ವಿನಾಯಕನ ಮನೆಯಲ್ಲಿ ಇರುವಷ್ಟು ದಿನ ಇರುವುದು, ಅಡುಗೆ ಮಾಡಿ ಹಾಕುವುದು, ಹುಡುಗಿಯ ತಲೆಗೆ ಎಣ್ಣೆ ಹಚ್ಚುವುದು. ಹೊರಡುವ ದಿನವನ್ನು ಮಾತ್ರ ಒಂದು ದಿನ ಮುಂಚೆ ಎಂದು ಅವರಿಗೆ ಹೇಳುವುದು. ಅವನು ವಿಮಾನ ನಿಲ್ದಾಣಕ್ಕೆ ಬಿಟ್ಟು ಕೈಬೀಸಿ ಹೋದ ಮೇಲೆ ಟ್ಯಾಕ್ಸಿ ಹಿಡಿದು ಕೋಟೆಯೊಳಗಿನ ಹೋಟೆಲಿಗೆ ವಾಪಸು ಬರುವುದು. ಭಾವ ಸುಳ್ಳಿಗೆ ಒಪ್ಪುವವರಲ್ಲ, ಅವರಿಗೆ ಟ್ಯಾಕ್ಸಿಯಲ್ಲಿ ಕೂತ ಮೇಲೆ ಹೇಳುವುದು. "ಒಂದು ವ್ಯಾಳೆ ವಿನಾಯಕ ದಾರ್‍ಯಾಗ ಕಂಡ್ರ?" ಎಂದು ನಾನು ಕೇಳಿದರೆ, "ವಿಮಾನ ತಪ್ಪಿತು ಅನ್ನೋದು" ಎಂದು ಅಕ್ಕ ಸಿದ್ಧವಾಗಿಯೇ ಇದ್ದಳು. ಜೀವಮಾನದಲ್ಲಿ ಸುಳ್ಳು ಹೇಳದವಳು ಒಂದು ರಾತ್ರಿಯ ನಿದ್ದೆಗಾಗಿ ಎಷ್ಟು ಚೊಕ್ಕವಾಗಿ ಸುಳ್ಳು ಜೋಡಿಸಿದ್ದಳು! ನಾವು ಶಾಲೆಯ ಹುಡುಗಿಯರ ಹಾಗೆ ನಕ್ಕೆವು. ಅವಳು ಹಾಗೆ ನಕ್ಕದ್ದನ್ನು ನಾನು ಆಮೇಲೆ ಕೇಳಲಿಲ್ಲ.

ದಣಿವು ಎನ್ನುತ್ತಿದ್ದಳು. ಬಂದವರಿಗೆಲ್ಲ ಮಾಡಿ ಹಾಕಿ ದಣಿದಿದ್ದಾಳೆ ಎಂದೇ ಎಲ್ಲರೂ ತಿಳಿದೆವು, ಅವಳೂ ಹಾಗೇ ತಿಳಿದಳು. ಪರೀಕ್ಷೆ ಮಾಡಿಸಿದಾಗ ಕಾಯಿಲೆ ರಕ್ತದಲ್ಲಿತ್ತು, ಮತ್ತು ಬಹಳ ಮುಂದುವರಿದಿತ್ತು. ನಾನು ರಜೆ ಹಾಕಿ ಆಸ್ಪತ್ರೆಗೆ ಓಡಿಬಂದೆ. ಅವಳಿಗೆ ಒಬ್ಬಳೇ ಇರುವ ಕೋಣೆ ಕೊಟ್ಟಿದ್ದರು. ದೊಡ್ಡ ಕಿಟಕಿ, ಬಟನ್ ಒತ್ತಿದರೆ ಏಳುವ ಇಳಿಯುವ ಮಂಚ, ಇದೇ ವಾಸನೆಯ ಬಿಳಿ ಬೆಡ್‌ಶೀಟು. ನಾಳೆ ತಿಂಡಿಗೆ ಏನು ಬೇಕು ಎಂದು ಹಿಂದಿನ ದಿನವೇ ಬಂದು ಕೇಳಿಕೊಂಡು ಹೋಗುತ್ತಿದ್ದರು.

"ನೋಡ, ಹೊಟೇಲ್ ಇದ್ದಂಗ ಅದ" ಎಂದಳು ಅಕ್ಕ, ನನ್ನನ್ನು ನಗಿಸಲು. "ಪರದೆನೂ ದಪ್ಪ ಅವ."

ನಾನು ನಗಲಿಲ್ಲ. ಅಲ್ಲಿಗೂ ಜನ ಬಂದರು. ಛತ್ರದಲ್ಲಿ ಇದ್ದು ಹೋದವರೆಲ್ಲ ಡಬ್ಬಿ ಹಿಡಿದು ಬಂದರು. ಮಲಗಿದಲ್ಲಿಂದಲೇ ಅವಳು ಒಬ್ಬೊಬ್ಬರಿಗೂ ಕುರ್ಚಿ ತೋರಿಸುತ್ತ, "ಊಟಾ ಆತೇನ್ರಿ?" ಎಂದು ಕೇಳುತ್ತಿದ್ದಳು. ಟ್ಯಾಲಿನ್ನಿಗೆ ಅಂಟಿನುಂಡಿ ಪಾರ್ಸೆಲ್ ಹೋಯಿತೇ ಎಂದು ಭಾವನನ್ನು ಕೇಳುತ್ತಿದ್ದಳು. ಒಂದು ಬೆಳಿಗ್ಗೆ ನಾನು ಹೋದಾಗ, ಕೈಗೆ ಚುಚ್ಚಿದ ನಳಿಕೆ ಸಮೇತ ಎದ್ದು ನಿಂತು ಹಾಸಿಗೆಯ ಸುಕ್ಕು ಬಿಡಿಸುತ್ತಿದ್ದಳು. ನರ್ಸು ಬೈದು ಮಲಗಿಸಿದಳು. ನರ್ಸು ಹೋದ ಮೇಲೆ ಅಕ್ಕ ನನಗೆ ಮೆಲ್ಲಗೆ, "ಆಕಿಗೆ ಯಾಕ ತ್ರಾಸು ಅಂತ" ಎಂದಳು.

ಟ್ಯಾಲಿನ್‌ನ ಆ ಒಂದು ರಾತ್ರಿಯನ್ನು ನಾನೇ ರದ್ದು ಮಾಡಿದೆ, ನಾರ್ವೆಸ್ಟ್‌ನ ನಮ್ಮ ಆಫೀಸಿನ ಕಾರ್ ಪಾರ್ಕಿನಲ್ಲಿ ಕೂತು. ಕಾರಣವೇನು ಎಂದು ಫೋನು ಕೇಳಿತು. ಕಾರ್ಯಕ್ರಮ ಬದಲಾಗಿದೆಯೇ, ದರ ಹೆಚ್ಚಾಯಿತೇ, ಉಳಿಯಲು ಬೇರೆ ಜಾಗ ಸಿಕ್ಕಿತೇ? ಬಹಳ ಹೊತ್ತು ಯೋಚಿಸಿ, ಬೇರೆ ಜಾಗ ಸಿಕ್ಕಿತು ಎಂದು ಒತ್ತಿದೆ. ಅಕ್ಕ ಹೋಗಿ ಆಗ ಒಂದು ವಾರವಾಗಿತ್ತು.

ಈಗ ಮತ್ತೆ ಜೂನ್, ಇಲ್ಲಿ ಚಳಿಗಾಲ. ಪಾಯಿಂಟ್ ಕುಕ್‌ನ ಮನೆಯಲ್ಲಿ ಭಾವ ಒಬ್ಬರೇ ಇದ್ದಾರೆ. ಅವರ ಮಗಳು ಕ್ಯಾನ್‌ಬೆರಾದಲ್ಲಿ ಓದುತ್ತಿದ್ದಾಳೆ. ಈ ಸಲ ಅಲ್ಲಿಗೆ ಹೋಗುವ ಧೈರ್ಯ ನನಗೆ ಬರಲಿಲ್ಲ. ಬೆಳಿಗ್ಗೆ ಅಕ್ಕನಿಗಿಂತ ಮೊದಲು ಏಳುವ ಪೈಪೋಟಿಯಲ್ಲಿ ನಾನು ಯಾವತ್ತೂ ಸೋತವಳು. ಆ ಅಡುಗೆಮನೆಯಲ್ಲಿ ಈಗ ಗೆದ್ದು ನಿಲ್ಲುವುದು ನನ್ನಿಂದಾಗದು. ಅದಕ್ಕೇ ಸದ್ದಿಲ್ಲದೆ ಬಂದು ಹೋಟೆಲಿಗೆ ಇಳಿದೆ.

ಇವತ್ತು ಬೆಳಿಗ್ಗೆ ಕತ್ತಲಿರುವಾಗಲೇ ಎಚ್ಚರವಾಯಿತು. ಎದ್ದು ಮುಖ ತೊಳೆದೆ, ಸಿಂಕ್ ಒರೆಸಿದೆ, ಕಪ್ಪು ತೊಳೆದು ಬೋರಲು ಹಾಕಿದೆ. ಹೊದಿಕೆಯನ್ನು ಸುಕ್ಕಿಲ್ಲದಂತೆ ಎಳೆದು, ಮೂಲೆ ಸಿಕ್ಕಿಸಿ, ದಿಂಬನ್ನು ತಟ್ಟಿ ಇಟ್ಟೆ. ಯಾರೂ ಮಲಗಿರಲೇ ಇಲ್ಲ ಎನ್ನುವ ಹಾಗಾಯಿತು ಕೋಣೆ. ಅಷ್ಟರಲ್ಲಿ ಭಾವನ ಫೋನು ಬಂತು. ಅಕ್ಕ ಹೋದಮೇಲೆ ದಿನಾ ಬೆಳಿಗ್ಗೆ ಮಾಡುತ್ತಾರೆ.

"ಎಲ್ಲಿದ್ದಿ?"

ಸುಳ್ಳು ಬಾಯಿಗೆ ಬರಲಿಲ್ಲ. "ಇಲ್ಲೇ ಮೆಲ್ಬರ್ನಿನಾಗ ಇದ್ದೀನಿ ಭಾವಾ. ಹೊಟೇಲಿನಾಗ."

ನೊಂದುಕೊಂಡರೇನೋ ಎಂದುಕೊಂಡೆ. ಆದರೆ ಅವರು ಕೇಳಿದರು: "ಪರದೆ ದಪ್ಪ ಅವ ಏನು?"

ನಾನು ಕಿಟಕಿಯ ಕಡೆ ತಿರುಗಿದೆ.

"ನನಗ ಎಲ್ಲಾ ಗೊತ್ತಿತ್ತವಾ. ಆಕಿ ಫೋನಿನಾಗ ಎಷ್ಟು ಮೆಲ್ಲಗ ಮಾತಾಡಿದ್ರೂ ಪಕ್ಕದ ಖೋಲ್ಯಾಗ ಕೇಳಸ್ತಿತ್ತು. ನಾ ಟ್ಯಾಕ್ಸ್ಯಾಗ ಗೊತ್ತಿಲ್ಲದವರಂಗ ಕೂಡಬೇಕು ಅಂತ ಮಾಡಿದ್ದೆ" ಎಂದರು. ಆಮೇಲೆ, "ಮಲಕ್ಕೋ ಇನ್ನೊಂದೀಟು. ಸಂಜೀಗೆ ಮನೀಗೆ ಬಾ, ನಾನ ಅನ್ನ ಇಡ್ತೀನಿ" ಎಂದು ಫೋನು ಇಟ್ಟರು.

ಕಿಟಕಿಯ ಪರದೆ ಎಳೆದೆ. ದಪ್ಪವಾಗಿಯೇ ಇತ್ತು. ಆಮೇಲೆ ಅಷ್ಟು ಚಂದ ಮಾಡಿದ್ದ ಹಾಸಿಗೆಯನ್ನು ಎರಡೂ ಕೈಯಿಂದ ಕೆದರಿದೆ, ಸಿಕ್ಕಿಸಿದ ಮೂಲೆಗಳನ್ನು ಕಿತ್ತೆ, ದಿಂಬುಗಳನ್ನು ಚೆಲ್ಲಿದೆ, ಒಳಗೆ ತೂರಿ ತಲೆಯವರೆಗೆ ಹೊದ್ದುಕೊಂಡೆ. ಎಷ್ಟೋ ಹೊತ್ತಿನ ಮೇಲೆ ಕೋಣೆ ಸ್ವಚ್ಛ ಮಾಡುವಾಕೆ ಬಂದು ಬಾಗಿಲು ತಟ್ಟಿದಳು. ಆಮೇಲೆ ಬನ್ನಿ ಎಂದು ಮಲಗಿದಲ್ಲಿಂದಲೇ ಕೂಗಿ ಹೇಳಿದೆ. ಏಳಲಿಲ್ಲ.